ಧಾರವಾಡದಿಂದ ಪುಣೆಗೆ ಬಿಡಾರ: ತೂಗಿ ನೋಡುವುದರಿಂದ ನಂಬರ್ ಪ್ಲೇಟ್ ಬದಲಿಸುವವರೆಗೆ

ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಊರಿನಿಂದ ಇಂಥದೊಂದು ಫೋನ್ ಬರುತ್ತದೆ. "ಅಕ್ಕಾ, ಪುಣೆದಾಗ ಕೆಲಸ ಸಿಕ್ಕದ. ಪಗಾರ ಛಲೋ ಅದ. ಬರಬೇಕೋ ಬ್ಯಾಡೋ ಹೇಳು." ಹನ್ನೆರಡು ವರ್ಷಗಳಿಂದ ಪುಣೆಯ ಕರ್ವೆನಗರದಲ್ಲಿದ್ದೇನೆ, ಆದ್ದರಿಂದ ನನ್ನನ್ನೇ ಕೇಳುತ್ತಾರೆ. ನಾನು ಪಗಾರ ಎಷ್ಟು ಅಂತ ಕೇಳುವುದಿಲ್ಲ. "ಮಗಳು ಎಷ್ಟನೇತ್ತಾ?" ಅಂತ ಕೇಳುತ್ತೇನೆ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಆ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ನಾವು ಲಾರಿ ಹತ್ತಿಸಿದೆವು, ಅದರ ಬೆಲೆ ಐದು ವರ್ಷದ ಮೇಲೆ ಗೊತ್ತಾಯಿತು.

ಈ ಬರಹ ಕರ್ನಾಟಕ ಬಿಟ್ಟು ಪುಣೆಗೆ ಬರುವ ಸಂಸಾರಸ್ಥರಿಗೆ. ಒಂಟಿಯಾಗಿ ಬರುವ ಹುಡುಗ ಹುಡುಗಿಯರಿಗೂ ಬಾಡಿಗೆ ಮತ್ತು ಗಾಡಿಯ ಭಾಗ ಉಪಯೋಗಕ್ಕೆ ಬರುತ್ತದೆ. ಮುಂಬೈ, ಗೋವಾ ಕಡೆ ಹೊರಟವರಿಗಾಗಿ ನಡುವೆ ಒಂದೆರಡು ಮಾತು ಸೇರಿಸಿದ್ದೇನೆ.

ಹೆಜ್ಜೆ 1: ಒಂದು ನೋಟ್‌ಬುಕ್ಕು, ಎರಡು ಪಟ್ಟಿ

ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ ಬರೆದು ಕೂಡಿಸುವುದು ಸಾಮಾನ್ಯ ಪದ್ಧತಿ. ಹಾಗೆ ಮಾಡಿದರೆ ಪಗಾರದ ಅಂಕಿಯೇ ಯಾವಾಗಲೂ ಗೆಲ್ಲುತ್ತದೆ, ಏಕೆಂದರೆ ಅದೊಂದೇ ಅಂಕಿಯಲ್ಲಿರುತ್ತದೆ. ನಾನು ಬೇರೆ ರೀತಿ ಹೇಳುತ್ತೇನೆ. ಮೊದಲ ಪಟ್ಟಿಯಲ್ಲಿ, ತಪ್ಪಾದರೆ ತಿದ್ದಿಕೊಳ್ಳಬಹುದಾದದ್ದನ್ನು ಬರೆಯಿರಿ: ಬಾಡಿಗೆ ಮನೆ, ಬಡಾವಣೆ, ಲಾರಿಯ ಖರ್ಚು, ಗಾಡಿಯ ನೋಂದಣಿ, ಗ್ಯಾಸ್, ಕೆಲಸ ಕೂಡ. ಎರಡನೆಯದರಲ್ಲಿ, ಒಮ್ಮೆ ಹೋದರೆ ಮತ್ತೆ ಕೈಗೆ ಬರದ್ದನ್ನು: ಮಕ್ಕಳ ಶಾಲೆಯ ವರ್ಷಗಳು, ಕರ್ನಾಟಕದ ಕೋಟಾದ ಹಕ್ಕು, ವಯಸ್ಸಾದ ತಂದೆ ತಾಯಿಯ ಜೊತೆಗಿನ ದಿನಗಳು, ಹೆಂಡತಿ ಬಿಟ್ಟು ಬರುವ ಸರಕಾರಿ ನೌಕರಿ.

ಮೊದಲ ಪಟ್ಟಿಯ ಬಗ್ಗೆ ರಾತ್ರಿಯೆಲ್ಲ ಚರ್ಚೆ ಮಾಡುವ ಅಗತ್ಯವಿಲ್ಲ. ಎರಡನೇ ಪಟ್ಟಿಯಲ್ಲಿ ಏನಾದರೂ ಇದ್ದರೆ ಅದು ಬಗೆಹರಿಯುವವರೆಗೆ ಆಫರ್ ಲೆಟರಿಗೆ ಸಹಿ ಹಾಕಬೇಡಿ.

ಹೆಜ್ಜೆ 2: ಮಕ್ಕಳ ತರಗತಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ಶಾಲೆಯ ಫೀಸಿನ ಪ್ರಶ್ನೆ ಎಂದು ತಿಳಿದಿರುತ್ತಾರೆ. ಇದು ಸೀಟಿನ ಪ್ರಶ್ನೆ.

ಕರ್ನಾಟಕದ ಸಿಇಟಿಯಲ್ಲಿ ರಾಜ್ಯದ ಅಭ್ಯರ್ಥಿ ಎನಿಸಿಕೊಳ್ಳುವ ಮುಖ್ಯ ದಾರಿ ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಎರಡರಲ್ಲಿ ಒಂದನ್ನು ಕರ್ನಾಟಕದಲ್ಲೇ ಪಾಸಾಗಿರಬೇಕು. ಮಹಾರಾಷ್ಟ್ರದ ಇಂಜಿನಿಯರಿಂಗ್ ಪ್ರವೇಶದಲ್ಲಿ ರಾಜ್ಯದ ಅಭ್ಯರ್ಥಿ ಎನಿಸಿಕೊಳ್ಳುವ ಮುಖ್ಯ ದಾರಿ ಬೇರೆ: ಹತ್ತನೇದೂ ಹನ್ನೆರಡನೇದೂ ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು, ಮೇಲಾಗಿ ಇಲ್ಲಿ ಹುಟ್ಟಿರಬೇಕು ಅಥವಾ ಡೊಮಿಸೈಲ್ ಪ್ರಮಾಣಪತ್ರ ಇರಬೇಕು. ಆ ಡೊಮಿಸೈಲ್ ಸಿಗುವುದು 15 ವರ್ಷದ ವಾಸಕ್ಕೆ.

ಈಗ ಏಳನೇ ತರಗತಿ ಮುಗಿಸಿ ಪುಣೆಗೆ ಬಂದ ಮಗುವನ್ನು ಕಣ್ಣೆದುರು ತಂದುಕೊಳ್ಳಿ. ಕರ್ನಾಟಕದಲ್ಲಿ 7 ವರ್ಷ ಓದಿದೆ, ಆದರೆ ಅಲ್ಲಿ ಬೋರ್ಡ್ ಪರೀಕ್ಷೆ ಪಾಸಾಗಿಲ್ಲ. ಮಹಾರಾಷ್ಟ್ರದಲ್ಲಿ ಎರಡೂ ಪರೀಕ್ಷೆ ಪಾಸಾಗಿದೆ, ಆದರೆ 15 ವರ್ಷ ಆಗಿಲ್ಲ. ಎರಡೂ ಮನೆಯ ಹೊಸ್ತಿಲ ಹೊರಗೆ ನಿಂತಂತೆ.

ನನ್ನ ಹಿರಿಯ ಮಗಳು ಅದೇ ಮಗು. ಎಂಟನೇ ತರಗತಿಗೆ ಬಂದಳು. ಹನ್ನೆರಡನೇ ಮುಗಿದಾಗ ಅರ್ಜಿ ತುಂಬಲು ಕುಳಿತು, ಯಾವ ಷರತ್ತಿನ ಕೆಳಗೆ ಬರುತ್ತಾಳೆಂದು ಹುಡುಕತೊಡಗಿದೆವು. ಪಾಲಕರು ಕರ್ನಾಟಕದಲ್ಲಿ ಓದಿದವರಾಗಿದ್ದರೆ, ಸೈನ್ಯದಲ್ಲಿದ್ದರೆ, ಕೇಂದ್ರ ಸರಕಾರದ ನೌಕರಿಯಲ್ಲಿದ್ದರೆ ಹೀಗೆ ಬೇರೆ ಬೇರೆ ಷರತ್ತುಗಳಿರುತ್ತವೆ. ಅವುಗಳಲ್ಲಿ ಹಲವಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ನಮ್ಮ ಹಳೆಯ ಶಾಲೆಗಳಿಂದ ಅದನ್ನು ತರಿಸುವಷ್ಟರಲ್ಲಿ ದಿನ ಮೀರಿತ್ತು. ಕೊನೆಗೆ ಜೆಇಇ ಅಂಕದ ಮೇಲೆ ಅಖಿಲ ಭಾರತ ಸೀಟಿಗೆ ಸೇರಿದಳು, ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಫೀಸು ಕಟ್ಟಿ. ಅವಳು ಚೆನ್ನಾಗಿಯೇ ಓದಿದಳು. ಆದರೂ ಆ ಬೇಸಿಗೆಯನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟ.

ಇದರಿಂದ ಬರುವ ಲೆಕ್ಕ ಹೀಗೆ. ಮಗು ಐದನೇ ತರಗತಿಗಿಂತ ಕೆಳಗಿದ್ದರೆ ಧೈರ್ಯವಾಗಿ ಬನ್ನಿ, ಹೊಸ ಊರಿಗೆ ಒಗ್ಗಿಕೊಳ್ಳಲು, ಯಾವ ರಾಜ್ಯದಲ್ಲಿ ಹತ್ತನೇ ತರಗತಿ ಬರೆಸಬೇಕೆಂದು ಯೋಚಿಸಲು ಸಾಕಷ್ಟು ಸಮಯವಿದೆ (ಹನ್ನೆರಡನೇ ಮುಗಿಯುವಾಗ ಇಲ್ಲಿ 15 ವರ್ಷ ಮಾತ್ರ ಅವರಿಗೂ ತುಂಬಿರುವುದಿಲ್ಲ, ಅದು ನೆನಪಿರಲಿ). ಎಂಟು, ಒಂಬತ್ತರಲ್ಲಿದ್ದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ತಾಯಿ ಮಕ್ಕಳು ಊರಲ್ಲೇ ಇದ್ದು, ಕೆಲಸ ಸಿಕ್ಕವರು ಮೊದಲು ಬಂದಿರುವುದು ನನ್ನ ದೃಷ್ಟಿಯಲ್ಲಿ ಉತ್ತಮ. ಎಸ್ಸೆಸ್ಸೆಲ್ಸಿ ಅಲ್ಲೇ ಪಾಸಾಗಿ, 7 ವರ್ಷ ತುಂಬಿದ್ದರೆ ಕರ್ನಾಟಕದ ಬಾಗಿಲು ತೆರೆದೇ ಇರುತ್ತದೆ. ಪ್ರತಿ ವರ್ಷ ಪರೀಕ್ಷಾ ಪ್ರಾಧಿಕಾರ ಹೊರಡಿಸುವ ಮಾಹಿತಿ ಪುಸ್ತಕದಲ್ಲಿ ಷರತ್ತುಗಳನ್ನು ಸಾಲು ಸಾಲಾಗಿ ಓದಿ. ಪಕ್ಕದ ಮನೆಯವರ ಮಾತಿನ ಮೇಲೆ ಬಿಡಬೇಡಿ.

"ನಾವು ಗಡಿನಾಡ ಕನ್ನಡಿಗರಾಗುತ್ತೇವಲ್ಲ?" ಎಂದು ಕೆಲವರು ಕೇಳುತ್ತಾರೆ. ಕರ್ನಾಟಕದ ಸೀಟಿಗೆ ಅವಕಾಶ ಕೊಡುವ ಆ ಷರತ್ತು ಮಹಾರಾಷ್ಟ್ರದಲ್ಲಿ ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ವಾಸವಿದ್ದು ಓದಿದವರಿಗೆ. ಪುಣೆ ಅದರಲ್ಲಿ ಬರುವುದಿಲ್ಲ.

ಶಾಲೆಯ ಭಾಷೆಯ ವಿಷಯ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ, ಸಿಬಿಎಸ್‌ಇ ಆಗಲಿ ಐಸಿಎಸ್‌ಇ ಆಗಲಿ, ಒಂದರಿಂದ ಹತ್ತನೇ ತರಗತಿವರೆಗೆ ಮರಾಠಿ ಕಡ್ಡಾಯ. ಸಣ್ಣ ಮಕ್ಕಳು ಆರು ತಿಂಗಳಲ್ಲಿ ಕಲಿತುಬಿಡುತ್ತಾರೆ. ಆರು, ಏಳನೇ ತರಗತಿಯವರು ದೇವನಾಗರಿ ಹಿಂದಿಯಿಂದಲೇ ಗೊತ್ತಿರುವುದರಿಂದ ಓದಬಲ್ಲರು, ಆದರೆ ನಿಬಂಧ ಬರೆಯಲು ಅಳುತ್ತಾರೆ. ಮೊದಲ ವರ್ಷ ಮನೆಪಾಠ ಹಾಕಿಸಿ. ಕನ್ನಡ ಬಿಟ್ಟುಹೋಗಬಾರದು ಎನ್ನುವವರು ಎರಂಡವಣೆಯ ಗಣೇಶನಗರದಲ್ಲಿರುವ ಪುಣೆ ಕನ್ನಡ ಸಂಘದವರ ಡಾ. ಕಲ್ಮಾಡಿ ಶಾಮರಾವ್ ಕನ್ನಡ ಮಾಧ್ಯಮ ಶಾಲೆಯನ್ನು ಒಮ್ಮೆ ನೋಡಿ ಬನ್ನಿ. ಇದೇ ಸಂಘದ್ದು ಕಾವೇರಿ ಶಾಲೆ, ಕಾಲೇಜುಗಳೂ ಇವೆ.

ಶಾಲೆ ಬಿಡಿಸುವಾಗ: ಟಿಸಿಗೆ ಬಿಇಒ ಮೇಲುಸಹಿ ಹಾಕಿಸಿ, ರಾಜ್ಯ ದಾಟಿದ ಮೇಲೆ ಅದಕ್ಕಾಗಿ ಮತ್ತೆ ಊರಿಗೆ ಓಡುವುದು ತಪ್ಪುತ್ತದೆ. ಒಂದನೇ ತರಗತಿಯಿಂದ ಅಲ್ಲಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನೂ ಅದೇ ದಿನ ಮಾಡಿಸಿಕೊಳ್ಳಿ. ಯುಡೈಸ್‌ನಲ್ಲಿ (ಶಾಲಾ ಮಕ್ಕಳ ಸರಕಾರಿ ಆನ್‌ಲೈನ್ ದಾಖಲೆ) ಮಗುವಿನ ಪೆನ್ (ಕಾಯಂ ಶಿಕ್ಷಣ) ಸಂಖ್ಯೆ ಬರೆದುಕೊಳ್ಳಿ, ಹಳೆಯ ಶಾಲೆಯವರು ಅಲ್ಲಿ ಹೆಸರು ಬಿಟ್ಟುಕೊಡಬೇಕೆಂದು ನೆನಪಿಸಿ. ಕರ್ನಾಟಕದ ಶಾಲೆಗಳು ಜೂನ್ ಮೊದಲಿಗೇ ಶುರುವಾದರೆ ಮಹಾರಾಷ್ಟ್ರ ಬೋರ್ಡಿನವು ಸಾಮಾನ್ಯವಾಗಿ ಜೂನ್ ನಡುವಿಗೆ ತೆರೆಯುತ್ತವೆ. ಆ ಎರಡು ವಾರ ಮನೆ ಬದಲಿಸಲು ಹೇಳಿಮಾಡಿಸಿದ ಸಮಯ.

ಹೆಜ್ಜೆ 3: ಜಾತಿ, ವಾಸ, ಯೋಜನೆ

ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯಕ್ಕೊಂದು. ಒಂದು ರಾಜ್ಯದ ಪರಿಶಿಷ್ಟರು ಸ್ವಂತ ಇಚ್ಛೆಯಿಂದ ಬೇರೆ ರಾಜ್ಯಕ್ಕೆ ಹೋದರೆ ಆ ರಾಜ್ಯದ ಮೀಸಲಾತಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಕೇಂದ್ರದ ಸೌಲಭ್ಯಗಳು ಮೂಲ ರಾಜ್ಯದ ಆಧಾರದ ಮೇಲೆ ಮುಂದುವರಿಯುತ್ತವೆ. ಲಂಬಾಣಿಗರ ಉದಾಹರಣೆ ತೆಗೆದುಕೊಳ್ಳಿ: ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರಾ ಸಮಾಜ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ. ವಿಜಯಪುರದ ತಾಂಡಾಗಳಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನಿಂತ ಕುಟುಂಬಗಳ ಮಕ್ಕಳು ಕಾಲೇಜಿಗೆ ಬಂದಾಗ ಈ ಗೋಡೆಗೆ ಹಣೆ ಬಡಿದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಊರು ಬಿಡುವ ಮೊದಲೇ ತಂದೆಯ ಮತ್ತು ಮಕ್ಕಳ ಜಾತಿ ಪ್ರಮಾಣಪತ್ರ ತಹಶೀಲ್ದಾರರಿಂದ ಮಾಡಿಸಿ, ಲ್ಯಾಮಿನೇಟ್ ಮಾಡದೆ ಕಡತದಲ್ಲಿಡಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾಗುವ 371(ಜೆ) ಪ್ರಮಾಣಪತ್ರವನ್ನು ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಮಾಡಿಸಿಕೊಂಡೇ ಹೊರಡಿ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಗೃಹಜ್ಯೋತಿ, ಶಕ್ತಿ ಯೋಜನೆಯ ಬಸ್ಸು ಇವೆಲ್ಲ ಕರ್ನಾಟಕದ ವಾಸಕ್ಕೆ ಕಟ್ಟಿದವು. ಹೆಣ್ಣುಮಕ್ಕಳಿಗೆ ತಿಂಗಳ ಹಣ ಕೊಡುವ ಇಲ್ಲಿನ ಲಾಡಕಿ ಬಹೀಣ್ ಯೋಜನೆ ಮಹಾರಾಷ್ಟ್ರದ ನಿವಾಸಿಗಳಿಗೆ. ನಡುವಿನ ವರ್ಷಗಳಲ್ಲಿ ಎರಡೂ ಇಲ್ಲ ಎಂದೇ ಲೆಕ್ಕ ಹಾಕಿ. ವೃತ್ತಿ ತೆರಿಗೆಯಲ್ಲಿ ಮಾತ್ರ ಹೆಣ್ಣುಮಕ್ಕಳಿಗೆ ಸಣ್ಣ ಅನುಕೂಲವಿದೆ: ಮಹಾರಾಷ್ಟ್ರದಲ್ಲಿ 2023ರಿಂದ ತಿಂಗಳಿಗೆ 25,000 ರೂಪಾಯಿವರೆಗೆ ಪಗಾರವಿರುವ ಮಹಿಳೆಯರಿಗೆ ಅದು ಇಲ್ಲ. ಗಂಡಸರಿಗೆ 7,500 ದಾಟಿದರೆ ಶುರು.

ಹೆಜ್ಜೆ 4: ಹಿರಿಯರನ್ನು ಕೇಳುವುದು

"ಅತ್ತಿ, ನೀವು ಬರ್ತೀರೇನು?" ಎಂದು ಕೇಳಿದರೆ "ನೀವೆಲ್ಲಿ ಇರ್ತೀರೋ ಅಲ್ಲೇ" ಎಂದೇ ಹೇಳುತ್ತಾರೆ. ಅದು ಉತ್ತರವಲ್ಲ. ಹದಿನೈದು ದಿನ ಕರೆತಂದು ಇರಿಸಿಕೊಳ್ಳಿ. ಬೆಳಿಗ್ಗೆ ಎಲ್ಲಿ ನಡೆದಾಡುತ್ತಾರೆ, ಯಾರೊಡನೆ ಮಾತಾಡುತ್ತಾರೆ, ಒಬ್ಬರೇ ಔಷಧಿ ಅಂಗಡಿಗೆ ಹೋಗಿ ಬರಬಲ್ಲರೇ ನೋಡಿ. ಹನ್ನೊಂದನೇ ಮಹಡಿಯಲ್ಲಿ ಲಿಫ್ಟ್ ಗುಂಡಿ ಒತ್ತಲು ಹೆದರಿ ನನ್ನ ಅತ್ತೆ ಮೂರು ವಾರ ಕೆಳಗಿಳಿಯಲಿಲ್ಲ. ಕರ್ವೆನಗರದ ಎರಡನೇ ಮಹಡಿಗೆ ಬಂದ ಮೇಲೆ, ಎದುರಿನ ಗುಡಿಯ ಭಜನೆ ಮಂಡಳಿಯಲ್ಲಿ ಅವರದೇ ಗೆಳತಿಯರ ಗುಂಪಾಯಿತು. ಬಡಾವಣೆ ಆರಿಸುವಾಗ ಗಂಡನ ಆಫೀಸು ಒಂದೇ ಅಲ್ಲ, ಹಿರಿಯರ ಕಾಲಳತೆಯನ್ನೂ ನೋಡಬೇಕೆಂದು ಆಗ ಕಲಿತೆ.

ಅವರ ಆರೋಗ್ಯ ವಿಮೆ ಪುಣೆಯ ಯಾವ ಆಸ್ಪತ್ರೆಗಳಲ್ಲಿ ನಗದುರಹಿತವಾಗಿ ನಡೆಯುತ್ತದೆ ಎಂಬ ಪಟ್ಟಿಯನ್ನು ಕಂಪನಿಯಿಂದ ತರಿಸಿ, ಮನೆಗೆ ಹತ್ತಿರದ ಎರಡು ಹೆಸರಿಗೆ ಗೆರೆ ಎಳೆದಿಡಿ.

ಹೆಜ್ಜೆ 5: ಎಲ್ಲಿ ಇರಬೇಕು

ಪುಣೆ ಒಂದು ಊರಲ್ಲ, ಪರಸ್ಪರ ದೂರವಿರುವ ನಾಲ್ಕೈದು ಊರು. ಹಿಂಜವಡಿಯ ಐಟಿ ಪಾರ್ಕಿನಲ್ಲಿ ಕೆಲಸವಾದರೆ ವಾಕಡ, ಬಾಣೇರ, ಬಾಲೆವಾಡಿ. ಖರಾಡಿ, ಮಗರಪಟ್ಟಾ ಕಡೆಯಾದರೆ ಹಡಪಸರ, ವಿಮಾನನಗರ. ಚಾಕಣ, ಭೋಸರಿಯ ಕಾರಖಾನೆಗಳಾದರೆ ನಿಗಡಿ, ಆಕುರ್ಡಿ, ಮೋಶಿ. ಊರಿಗೆ ಪದೇ ಪದೇ ಓಡಾಡುವವರಿಗೆ ಕಾತ್ರಜ, ಧನಕವಡಿ ಅನುಕೂಲ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಹೋಗುವ ಹೆದ್ದಾರಿ ಅಲ್ಲೇ ಪಕ್ಕ. ಹಿಂಜವಡಿಯಲ್ಲಿ ಕೆಲಸ ಹಿಡಿದು, ಬಾಡಿಗೆ ಕಡಿಮೆ ಎಂದು ಹಡಪಸರದಲ್ಲಿ ಮನೆ ಮಾಡಿದವರು ವರ್ಷದೊಳಗೆ ಮತ್ತೆ ಮನೆ ಬದಲಿಸಿದ್ದನ್ನೇ ಕಂಡಿದ್ದೇನೆ.

ಮೆಟ್ರೋ 2022ರ ಮಾರ್ಚಿನಲ್ಲಿ ಶುರುವಾಯಿತು. ಪಿಂಪ್ರಿಯಿಂದ ಸ್ವಾರಗೇಟಿಗೆ ಒಂದು ಮಾರ್ಗ, ವನಾಜದಿಂದ ರಾಮವಾಡಿಗೆ ಇನ್ನೊಂದು. ಇವುಗಳ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಹಿಂದೆ ಮುಂದೆ ನೋಡಬೇಡಿ.

ಮನೆ ನೋಡಲು ಭಾನುವಾರ ಹೋಗಬಾರದು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಮನೆಯಿಂದ ಆಫೀಸಿಗೆ ಒಮ್ಮೆ ಹೋಗಿ ನೋಡಿ, ಸಂಜೆ ಏಳಕ್ಕೆ ವಾಪಸು ಬನ್ನಿ. ವಾಚ್‌ಮನ್‌ನನ್ನು ಮಾತಾಡಿಸಿ ನೀರಿನ ಬಗ್ಗೆ ಕೇಳಿ: ಪಾಲಿಕೆ ನೀರು ಎಷ್ಟು ಹೊತ್ತು, ಟ್ಯಾಂಕರ್ ದಿನಕ್ಕೆ ಎಷ್ಟು, ಅದರ ದುಡ್ಡು ಮೇಂಟೆನೆನ್ಸಿನಲ್ಲೇ ಸೇರಿದೆಯೋ ಬೇರೆಯೋ. ಪಿಂಪ್ರಿ-ಚಿಂಚವಡದಲ್ಲಿ 2019ರ ಕೊನೆಯಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಬಂತು. ಪುಣೆ ಪಾಲಿಕೆಗೆ 2021ರಲ್ಲಿ ಒಂದೇ ಸಲ 23 ಹಳ್ಳಿ ಸೇರಿದವು. ಹೊರವಲಯದಲ್ಲಿ ಕಟ್ಟಡ ಎದ್ದಷ್ಟು ವೇಗವಾಗಿ ಕೊಳವೆ ಬರಲಿಲ್ಲ. ಹಳೆಯ ಬಡಾವಣೆಗಳಲ್ಲೂ ದುರಸ್ತಿಗೆಂದು ಗುರುವಾರ ನೀರು ನಿಲ್ಲಿಸುವುದು ರೂಢಿ, ಬುಧವಾರ ರಾತ್ರಿ ಬಕೆಟ್ ತುಂಬಿಡಬೇಕು.

ಮುಂಬೈಗೆ ಹೊರಟವರಿಗೆ ಇಡೀ ಲೆಕ್ಕ ಲೋಕಲ್ ರೈಲಿನ ಮೇಲೆ ನಿಲ್ಲುತ್ತದೆ. ಮೊದಲು ಯಾವ ಮಾರ್ಗ, ಪಶ್ಚಿಮವೋ ಮಧ್ಯವೋ ಹಾರ್ಬರೋ ಎಂದು ನಿಶ್ಚಯಿಸಿ, ಆಮೇಲೆ ಮನೆ. ಕನ್ನಡದ ಜೀವನ ಮಾತ್ರ ಅಲ್ಲಿ ಪುಣೆಗಿಂತ ಗಟ್ಟಿ: ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಷನ್, ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ, ಅಲ್ಲೇ ಅಚ್ಚಾಗುವ ಕರ್ನಾಟಕ ಮಲ್ಲ ದಿನಪತ್ರಿಕೆ. ಗೋವಾ ಹತ್ತಿರ, ಆದರೆ ಅಲ್ಲಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಮನೆ ಕೊಡುವುದು ಮಾಲೀಕರಿಗೆ ಹೆಚ್ಚು ಲಾಭ. ವರ್ಷಪೂರ್ತಿಯ ಕರಾರಿನಲ್ಲಿ ಡಿಸೆಂಬರ್‌ನಲ್ಲಿ ಮನೆ ಬಿಡಿಸುವ ಷರತ್ತು ಇಲ್ಲವೆಂದು ಓದಿಕೊಳ್ಳಿ.

ಹೆಜ್ಜೆ 6: ಬಾಡಿಗೆ ಕರಾರು

ಕರ್ನಾಟಕದಲ್ಲಿ ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಮುಗಿಯಿತು ಎಂಬ ಅಭ್ಯಾಸ ನಮ್ಮದು. ಇಲ್ಲಿ ಹಾಗಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 55ನೇ ಕಲಮಿನಂತೆ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು, ಅದು 11 ತಿಂಗಳದ್ದಾದರೂ ಸರಿ. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ, ವ್ಯಾಜ್ಯ ಬಂದಾಗ ಬೇರೆ ಪುರಾವೆ ಇಲ್ಲದಿದ್ದಲ್ಲಿ ಬಾಡಿಗೆದಾರ ಹೇಳುವ ಷರತ್ತುಗಳನ್ನೇ ಸರಿ ಎಂದು ಹಿಡಿಯಲಾಗುತ್ತದೆ. "ನೋಂದಣಿ ಯಾಕೆ, ನೋಟರಿ ಸಾಕು" ಎನ್ನುವ ಬ್ರೋಕರ್ ಸಿಕ್ಕರೆ ಈ ಕಲಮಿನ ಹೆಸರು ಹೇಳಿ.

ಇದನ್ನು ಇಲ್ಲಿ ಲೀವ್ ಅಂಡ್ ಲೈಸನ್ಸ್ ಎನ್ನುತ್ತಾರೆ. ಏಜೆಂಟ್ ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ, ಇಬ್ಬರ ಆಧಾರ್, ಇಬ್ಬರು ಸಾಕ್ಷಿ, ಅರ್ಧ ಗಂಟೆಯ ಕೆಲಸ. ಮುದ್ರಾಂಕ ಶುಲ್ಕ ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ, ಏಜೆಂಟ್ ಹೇಳಿದ ಮೊತ್ತ ಸರಿಯೇ ಎಂದು ತಿಳಿಯುತ್ತದೆ. ತಿಂಗಳಿಗೆ 25,000 ಬಾಡಿಗೆ, 75,000 ಡಿಪಾಜಿಟ್, 11 ತಿಂಗಳು ಎಂದುಕೊಳ್ಳಿ. ಒಟ್ಟು ಬಾಡಿಗೆ 2,75,000. ಡಿಪಾಜಿಟ್ ಮೇಲೆ ವರ್ಷಕ್ಕೆ ಶೇ 10ರಂತೆ ಬಡ್ಡಿ ಹಿಡಿದರೆ 11 ತಿಂಗಳಿಗೆ 6,875. ಎರಡೂ ಕೂಡಿ 2,81,875. ಅದರ ಶೇ 0.25 ಅಂದರೆ ಸುಮಾರು 705 ರೂಪಾಯಿ. ನಗರದಲ್ಲಿ ನೋಂದಣಿ ಶುಲ್ಕ 1,000. ಉಳಿದದ್ದು ಹೆಚ್ಚಾಗಿ ಏಜೆಂಟನ ಕೂಲಿ. ಇದನ್ನು ಮಾಲೀಕರೂ ನೀವೂ ಅರ್ಧರ್ಧ ಹಂಚಿಕೊಳ್ಳುವುದು ವಾಡಿಕೆ, ಮೊದಲೇ ಮಾತಾಡಿ.

ನಮ್ಮ ಕಡೆಯ ಅಡ್ವಾನ್ಸನ್ನು ಇಲ್ಲಿ ಡಿಪಾಜಿಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳು ಕಟ್ಟಿ ಬಂದವರಿಗೆ ಇಲ್ಲಿನ ಎರಡು ಮೂರು ತಿಂಗಳ ಡಿಪಾಜಿಟ್ ಹಗುರ ಅನಿಸುತ್ತದೆ. ಆದರೆ ಬ್ರೋಕರಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ. ಕರಾರಿನಲ್ಲಿ ಇವನ್ನು ಹುಡುಕಿ: ಲಾಕ್-ಇನ್ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ನೋಟಿಸ್ ಎಷ್ಟು, ಬಿಡುವಾಗ ಬಣ್ಣದ ಖರ್ಚು ಯಾರದು, ಮೇಂಟೆನೆನ್ಸ್ ಯಾರದು. ನಮಗೆ ಮೊದಲ ಮನೆಯಲ್ಲಿ ಬಣ್ಣದ ಹೆಸರಿನಲ್ಲಿ ಡಿಪಾಜಿಟಿನ ದೊಡ್ಡ ಪಾಲು ಹಿಡಿದುಕೊಂಡರು, ಕರಾರಿನಲ್ಲಿ ಆ ಮಾತೇ ಬರೆದಿರಲಿಲ್ಲ. ಆಮೇಲಿಂದ ಒಳಗೆ ಹೋಗುವ ದಿನವೇ ಗೋಡೆ, ನಲ್ಲಿ, ಪಂಖಾ, ಒಲೆಕಟ್ಟೆ ಎಲ್ಲದರ ವಿಡಿಯೋ ಮಾಡಿ ಮಾಲೀಕರಿಗೆ ಕಳಿಸುತ್ತೇನೆ. ಬಾಡಿಗೆದಾರರ ಮಾಹಿತಿ ಪೊಲೀಸರಿಗೆ ಹೋಗಬೇಕು, ಆನ್‌ಲೈನಿನಲ್ಲೇ ಆಗುತ್ತದೆ, ಅದರ ಪ್ರತಿ ಇಟ್ಟುಕೊಳ್ಳಿ.

ಅಡ್ಡಹೆಸರು ಕೇಳಿ, ಮಾಂಸ ತಿನ್ನುತ್ತೀರಾ ಕೇಳಿ ಮನೆ ನಿರಾಕರಿಸುವವರು ಇದ್ದಾರೆ. ಅದು ನೋವಿನ ವಿಷಯ, ಸುಳ್ಳು ಹೇಳಿ ಒಳಹೊಕ್ಕು ದಿನವೂ ಹೆದರುತ್ತ ಅಡುಗೆ ಮಾಡುವುದು ಅದಕ್ಕಿಂತ ನೋವಿನದು. ಮೊದಲ ಫೋನಿನಲ್ಲೇ ಹೇಳಿಬಿಡಿ.

ಹೆಜ್ಜೆ 7: ಸಾಮಾನು

ಹುಬ್ಬಳ್ಳಿಯಿಂದ ಪುಣೆ ಸುಮಾರು 430 ಕಿಲೋಮೀಟರ್, ರಾತ್ರಿ ತುಂಬಿಸಿದರೆ ಬೆಳಿಗ್ಗೆ ಇಳಿಸಬಹುದು. ಪ್ಯಾಕರ್ಸ್‌ನವರಿಂದ ಮೂರು ಕಡೆ ದರ ತರಿಸಿ, ಮನೆಗೆ ಬಂದು ಸಾಮಾನು ನೋಡಿ ಹೇಳಿದ ದರ ಮಾತ್ರ ನಂಬಿ. ಫೋನಿನಲ್ಲೇ ಅಗ್ಗದ ದರ ಹೇಳಿ, ದಾರಿಯಲ್ಲಿ ಲಾರಿ ನಿಲ್ಲಿಸಿ ಹೆಚ್ಚು ಕೇಳುವ ಮೋಸ ನಡೆಯುತ್ತದೆ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ಲಾರಿಯ ನಂಬರು ಮತ್ತು ಚಾಲಕನ ಫೋನ್ ಬರೆದುಕೊಳ್ಳಿ. "ಚೆಕ್‌ಪೋಸ್ಟಿನಲ್ಲಿ ಇ-ವೇ ಬಿಲ್ಲಿಗೆ ಇಷ್ಟು ಕೊಡಬೇಕು" ಎಂದರೆ ಕೊಡಬೇಡಿ: ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಬೇಡವೆಂದು ಜಿಎಸ್‌ಟಿ ನಿಯಮದಲ್ಲೇ ಇದೆ. ಹೊಸ ಸೊಸೈಟಿಯಲ್ಲಿ ಲಿಫ್ಟ್ ಬಳಸಲು ಯಾವ ವೇಳೆ, ಎಷ್ಟು ಶುಲ್ಕ ಎಂದು ಹಿಂದಿನ ದಿನವೇ ಕೇಳಿ.

ದಾಖಲೆಗಳ ಚೀಲ, ಬಂಗಾರ, ಔಷಧಿ ಲಾರಿಗೆ ಹಾಕಬಾರದು. ತವೆ, ಕುಕ್ಕರ್, ಎರಡು ಸೇರು ಜೋಳದ ಹಿಟ್ಟು, ಚಟ್ನಿಪುಡಿ ಒಂದು ಡಬ್ಬಿಯಲ್ಲಿ ನಿಮ್ಮ ಕೈಯಲ್ಲೇ ಇರಲಿ. ಜೋಳಕ್ಕೇನೂ ಚಿಂತೆ ಬೇಡ, ಸೋಲಾಪುರದ ಮಾಲದಂಡಿ ಜೋಳ ಪುಣೆಯ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಗಿರಣಿಯೂ ಗಲ್ಲಿಗೊಂದು. ಸಿಲಿಂಡರ್ ಒಪ್ಪಿಸಿ ಟರ್ಮಿನೇಷನ್ ವೌಚರ್ ಪಡೆದು ಡಿಪಾಜಿಟ್ ವಾಪಸು ತೆಗೆದುಕೊಳ್ಳಿ. ಪುಣೆಯ ಬಹಳಷ್ಟು ಕಟ್ಟಡಗಳಲ್ಲಿ ಎಂಎನ್‌ಜಿಎಲ್‌ನ ಕೊಳವೆ ಗ್ಯಾಸ್ ಇದೆ. ಒಲೆಯನ್ನು ಅದಕ್ಕೆ ಹೊಂದಿಸಿಕೊಡುತ್ತಾರೆ.

ಹೆಜ್ಜೆ 8: ಗಾಡಿ

ಕೆಎ-25 ಎಂಬ ಫಲಕ ಕಂಡೊಡನೆ ಸಂಚಾರ ಪೊಲೀಸರು ಕೈ ಮಾಡುತ್ತಾರೆ ಎಂದು ಎಲ್ಲರೂ ಹೆದರಿಸುತ್ತಾರೆ. ಕಾನೂನು ಸ್ಪಷ್ಟವಿದೆ: ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ನೀವು ಬಂದ ದಿನಾಂಕಕ್ಕೆ ಪುರಾವೆಯಾಗಿ ಬಾಡಿಗೆ ಕರಾರಿನ ಪ್ರತಿ, ಟೋಲ್ ರಸೀದಿ ಅಥವಾ ಫಾಸ್ಟ್ಯಾಗ್ ವಿವರ ಗಾಡಿಯಲ್ಲೇ ಇಡಿ.

ಇಲ್ಲೇ ನಿಲ್ಲುವುದು ಖಚಿತವಾದರೆ ಕ್ರಮ ಹೀಗೆ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ. ಬಾಕಿ ದಂಡಗಳನ್ನೆಲ್ಲ ಕಟ್ಟಿ. ಊರಿನ ಆರ್‌ಟಿಒದಲ್ಲಿ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಅದನ್ನು ಹಿಡಿದು ಪುಣೆಯಲ್ಲಿ ಹೊಸ ಸಂಖ್ಯೆಗೆ ನಮೂನೆ 27. ನಗರದವರಿಗೆ ಎಂಎಚ್-12, ಪಿಂಪ್ರಿ-ಚಿಂಚವಡದವರಿಗೆ ಎಂಎಚ್-14. ಇಲ್ಲಿನ ತೆರಿಗೆ ಗಾಡಿಯ ವಯಸ್ಸು ನೋಡಿ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಹೊಸ ನೋಂದಣಿಯ ಪ್ರತಿಯೊಂದಿಗೆ ಕರ್ನಾಟಕದ ಆರ್‌ಟಿಒಗೆ ಅರ್ಜಿ ಕೊಟ್ಟರೆ, ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲು ವಾಪಸು ಬರುತ್ತದೆ. ಈ ಕೊನೆಯ ಅರ್ಜಿಯನ್ನು ಹಾಕದೆ ಬಿಡುವವರೇ ಹೆಚ್ಚು. ಕರ್ನಾಟಕದ ರಸ್ತೆ ತೆರಿಗೆ ದೇಶದಲ್ಲೇ ಭಾರವಾದವುಗಳಲ್ಲೊಂದು, ಆ ದುಡ್ಡು ಬಿಡುವಂಥದ್ದಲ್ಲ. ವಿಮೆ, ಫಾಸ್ಟ್ಯಾಗ್‌ಗಳಲ್ಲೂ ಸಂಖ್ಯೆ ಬದಲಿಸಿ.

ಹೊಸ ಗಾಡಿ ಕೊಳ್ಳುವ ಯೋಚನೆಯಿದ್ದು, ನಿಮ್ಮ ಕಂಪನಿಯ ಕಚೇರಿ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿದ್ದರೆ 2021ರಲ್ಲಿ ಬಂದ ಬಿಎಚ್ ಸರಣಿ ಕೇಳಿ. ಎರಡೆರಡು ವರ್ಷದ ತೆರಿಗೆ ಕಟ್ಟಿದರೆ ಸಾಕು, ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು.

ಹೆಜ್ಜೆ 9: ಮಾತು, ಮಂದಿ

ಧಾರವಾಡದವರಿಗೆ ಮರಾಠಿ ಪರಕೀಯವಲ್ಲ. ಖಾನಾವಳಿ, ಗಿರಣಿ, ಪಗಾರ, ವೈನಿ, ಕಾಕಾ, ಮಾವಶಿ ನಮ್ಮ ಬಾಯಲ್ಲೂ ಇರುವ ಮಾತುಗಳೇ. ಮೈಸೂರು, ಮಂಗಳೂರು ಕಡೆಯವರಿಗೆ ಸ್ವಲ್ಪ ಕಷ್ಟ. ಹಿಂದಿಯಲ್ಲಿ ಎಲ್ಲ ನಡೆಯುತ್ತದೆ ನಿಜ, ಆದರೆ ತರಕಾರಿಯ ಮಾವಶಿಯ ಜೊತೆ ನಾಲ್ಕು ಮಾತು ಮರಾಠಿಯಲ್ಲಿ ಆಡಿದರೆ ಅವರ ಮುಖವೇ ಅರಳುತ್ತದೆ. ತಪ್ಪಾಡಿದರೆ ತಿದ್ದುತ್ತಾರೆ, ನಗುವುದಿಲ್ಲ. ನಮ್ಮ ಊರಿಗೆ ಬಂದವರು ಕನ್ನಡ ಕಲಿಯಲಿ ಎಂದು ಬಯಸುವ ನಾವು ಇಲ್ಲಿ ಮರಾಠಿ ಕಲಿಯಲೇಬೇಕು.

ಈ ಎರಡು ನಾಡು ಬೇರೆಯೆಂದು ಅನಿಸದ ಹೊತ್ತುಗಳೂ ಬಹಳ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದುಗಿನ ಭೀಮಸೇನ ಜೋಶಿಯವರು ಬೆಳೆಸಿದ ಸಂಗೀತೋತ್ಸವ 1953ರಿಂದ ಪುಣೆಯಲ್ಲಿ ನಡೆದುಬಂದಿದೆ. ಚಳಿಗಾಲದಲ್ಲಿ ಆ ಪೆಂಡಾಲಿನಲ್ಲಿ ಕುಳಿತಾಗ ಹಿಂದೆ ಮುಂದೆ ಧಾರವಾಡದ ಕನ್ನಡ ಕಿವಿಗೆ ಬೀಳುತ್ತದೆ.

ಗಡಿಯ ವಿಷಯ ಕಾವೇರಿದಾಗ ಮಾತ್ರ ಜಾಗ್ರತೆ. 2022ರ ಡಿಸೆಂಬರ್‌ನಲ್ಲಿ, 2025ರ ಫೆಬ್ರವರಿಯಲ್ಲಿ ಎರಡು ರಾಜ್ಯಗಳ ನಡುವಿನ ಬಸ್ಸುಗಳು ನಿಂತಿದ್ದವು. ಅಂಥ ದಿನಗಳಲ್ಲಿ ಸ್ವಂತ ಗಾಡಿಯಲ್ಲಿ ಹೊರಡದೆ ರೈಲು ಹಿಡಿಯಿರಿ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಇದೆ. ಕಲಬುರಗಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಳೆಯ ಆಸರೆ. ಪುಣೆಯ ನೆರೆಹೊರೆಯಲ್ಲಿ ಆ ದಿನಗಳಲ್ಲೂ ನಮಗೆ ಯಾರೂ ಒಂದು ಮಾತು ಅಂದಿಲ್ಲ.

ಹೆಜ್ಜೆ 10: ಒಂಬತ್ತನೇ ತಿಂಗಳು

ಮೊದಲ ಕರಾರು 11 ತಿಂಗಳದ್ದು ತಾನೇ, ಅದನ್ನೇ ಪರೀಕ್ಷೆಯ ಅವಧಿ ಎಂದಿಟ್ಟುಕೊಳ್ಳಿ. ಆ ಅವಧಿಯಲ್ಲಿ ಊರಿನ ಮನೆ ಮಾರಬೇಡಿ, ಪುಣೆಯಲ್ಲಿ ಫ್ಲ್ಯಾಟ್ ಬುಕ್ ಮಾಡಬೇಡಿ, ಗಾಡಿಯ ಎನ್‌ಒಸಿ ತರಬೇಡಿ, ಮತದಾರ ಪಟ್ಟಿಯ ಹೆಸರು ತೆಗೆಸಬೇಡಿ. ಆಧಾರ್ ವಿಳಾಸ, ಪಿಎಫ್ ವರ್ಗಾವಣೆ ಮಾತ್ರ ಮಾಡಿಕೊಳ್ಳಿ.

ಒಂಬತ್ತನೇ ತಿಂಗಳು ಮುಗಿಯುವಾಗ ಮನೆಯವರೆಲ್ಲ ಕುಳಿತು ಮೊದಲ ದಿನದ ನೋಟ್‌ಬುಕ್ಕು ತೆರೆಯಿರಿ. ಮಕ್ಕಳೂ ಹಿರಿಯರೂ ಇರಲಿ. ಪ್ರತಿಯೊಬ್ಬರೂ ತಮ್ಮ ಮಾತನ್ನು ತಾವೇ ಬರೆಯಲಿ, ಒಬ್ಬರು ಹೇಳಿ ಇನ್ನೊಬ್ಬರು ಬರೆಯುವುದು ಬೇಡ. ನಮ್ಮ ಮನೆಯಲ್ಲಿ ಅತ್ತೆ ಎರಡೇ ಸಾಲು ಬರೆದಿದ್ದರು: ಮಂಡಳಿಯ ಹೆಂಗಸರ ಹೆಸರುಗಳು, ಅವರ ಕೆಳಗೆ "ಆಷಾಢಕ್ಕ ಪಂಢರಪುರಕ್ಕ ಹೋಗೂದದ" ಎಂದು. ಗಂಡ, ನಾನು ಅದನ್ನು ಓದಿ, ಇರುವುದು ನಿಶ್ಚಯ ಮಾಡಿದೆವು.

ನಿಲ್ಲುವುದಾದರೆ ಕರಾರು ನವೀಕರಣದ ಮಾತು ತೆಗೆಯಿರಿ, ಮತದಾರ ಪಟ್ಟಿಗೆ ನಮೂನೆ 8 ತುಂಬಿ (ನಮೂನೆ 6 ಹೊಸ ಮತದಾರರಿಗೆ), ಆರ್‌ಟಿಒ ಕೆಲಸ ಶುರು ಮಾಡಿ. ಹೋಗುವುದಾದರೆ ಹತ್ತನೇ ತಿಂಗಳು ಹಿಡಿಯುವ ಮೊದಲೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಮನೆಯ ಮೊದಲ ದಿನದ ವಿಡಿಯೋವನ್ನು ಅದರ ಜೊತೆಗೇ ಮತ್ತೊಮ್ಮೆ ಕಳಿಸಿ.